ಬಂದ್ ಮಾಡಿ ಚಾಲೂ ಮಾಡ್ರಿ: ರೀಸ್ಟಾರ್ಟ್ ಅನ್ನೋ ಹಳೇ ಮದ್ದಿನ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಜಗಳದಿಂದ ಶುರು ಮಾಡ್ತೀನಿ. ತಪ್ಪು ನನ್ನದೇ, ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಕೆಲವು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಜುಲೈ ತಿಂಗಳ ಕೊನೇ ವಾರ. ಆದಾಯ ತೆರಿಗೆ ರಿಟರ್ನ್ಸ್‌ಗೆ 31ನೇ ತಾರೀಖು ಗಡುವು. ಹೊರಗೆ ಬೆಂಚಿನ ಮೇಲೆ ಏಳೆಂಟು ಜನ ಕಾಯ್ತಾ ಕೂತಿದ್ದಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ತೆರೆಯೋಕೆ ಎರಡು ನಿಮಿಷ ಬೇಕು. ಪ್ರಿಂಟ್ ಕೊಟ್ಟರೆ ಕಾಗದ ಬರಲ್ಲ, ಕ್ಯೂನಲ್ಲೇ ನಿಂತಿರುತ್ತೆ. ಹಾರ್ಡ್‌ವೇರ್ ನೋಡಿಕೊಳ್ಳೋರಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳಿ ಮುಗಿಸೋದಕ್ಕೂ ಮೊದಲೇ ಆ ಕಡೆಯಿಂದ ಉತ್ತರ ಬಂತು: "ಒಂದ್ಸಲ ಬಂದ್ ಮಾಡಿ ಚಾಲೂ ಮಾಡ್ರಿ ಅಕ್ಕಾರ."

ನನಗೆ ಸಿಟ್ಟು ಬಂತು. "ಅಣ್ಣಾ, ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಮನೆಗೆ ಹೋಗೋದು. ಅಷ್ಟೂ ಗೊತ್ತಾಗಲ್ವಾ ನನಗೆ?" ಅಂತ ದನಿ ಏರಿಸಿಬಿಟ್ಟೆ. ಅರ್ಧ ಗಂಟೆಗೆ ಅವರೇ ಬಂದರು. ಮಾತಾಡಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರು. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ತು. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಕಡೆ ಹೋಗಿ, ಸಿಪಿಯು ಕೆಳಗೆ 'ಅಪ್ ಟೈಮ್' ಅಂತ ಬರೆದಿರೋ ಜಾಗಕ್ಕೆ ಬೆರಳಿಟ್ಟು ತೋರಿಸಿದರು. "ಇಲ್ಲೆ ನೋಡ್ರಿ. ನಲವತ್ತೊಂದು ದಿವಸ ಆತು, ಇದು ಬಂದ್ ಆಗೇ ಇಲ್ಲ."

ನಲವತ್ತೊಂದು ದಿನ! ದಿನಾ ಸಂಜೆ ನನ್ನ ಕೈಯಾರೆ ಬಂದ್ ಮಾಡಿದ ಮಷೀನು. ಆಮೇಲೆ ಅವರು ಮೆನುವಿನಿಂದ ಶಟ್‌ಡೌನ್ ಬಿಟ್ಟು ರೀಸ್ಟಾರ್ಟ್ ಒತ್ತಿದರು. ಎರಡು ನಿಮಿಷದಲ್ಲಿ ಪ್ರಿಂಟರ್ ಒಂದರ ಹಿಂದೆ ಒಂದು ಕಾಗದ ಉಗುಳೋಕೆ ಶುರು ಮಾಡ್ತು. ನಾನು ಸಿಟ್ಟಿನಲ್ಲಿ ಒಂದೇ ಫೈಲನ್ನ ಒಂಬತ್ತು ಸಲ ಪ್ರಿಂಟ್ ಕೊಟ್ಟಿದ್ದೆ, ಒಂಬತ್ತೂ ಬಂದವು. ಅವರು ಮುನ್ನೂರು ರೂಪಾಯಿ ತಗೊಂಡು, ಚಹಾ ಕುಡಿದು ಹೋದರು.

ಆ ನಲವತ್ತೊಂದು ದಿನದ ಗುಟ್ಟನ್ನ ಆಮೇಲೆ ಬಿಡಿಸ್ತೀನಿ. ಅದಕ್ಕೂ ಮೊದಲು, ಈ 'ಬಂದ್ ಮಾಡಿ ಚಾಲೂ ಮಾಡ್ರಿ' ಅನ್ನೋದಕ್ಕೆ ಒಂದು ಇತಿಹಾಸ ಇದೆ ಅಂತ ನಿಮಗೆ ಗೊತ್ತಾ? ನಾವೆಲ್ಲ ಇದನ್ನ ಜೋಕ್ ಮಾಡ್ತೀವಿ. 2006ರಲ್ಲಿ ಬ್ರಿಟನ್ನಿನಲ್ಲಿ ಬಂದ 'ದಿ ಐಟಿ ಕ್ರೌಡ್' ಅನ್ನೋ ಹಾಸ್ಯ ಧಾರಾವಾಹಿಯಲ್ಲಿ ಐಟಿ ವಿಭಾಗದವರು ಫೋನ್ ಎತ್ತಿದ ತಕ್ಷಣ ಕೇಳೋದೇ ಇದನ್ನ. ಆದರೆ ಈ ಜೋಕನ್ನ ಪಾಲಿಸದೇ ಇದ್ದದ್ದಕ್ಕೆ ಒಂದು ರಾತ್ರಿ 28 ಜನ ಸತ್ತಿದ್ದಾರೆ. ಅಲ್ಲಿಗೂ ಬರ್ತೀನಿ.

ಮೊದಲು 'ಬೂಟ್' ಅನ್ನೋ ಪದ ನೋಡೋಣ. ಉದ್ದ ಬೂಟಿನ ಮೇಲ್ತುದಿಯಲ್ಲಿ ಹಿಡಿದು ಎಳೆದುಕೊಳ್ಳೋಕೆ ಒಂದು ಪಟ್ಟಿ ಇರುತ್ತೆ, ಬೂಟ್‌ಸ್ಟ್ರಾಪ್. ಆ ಪಟ್ಟಿ ಹಿಡಿದು ತನ್ನನ್ನ ತಾನೇ ಮೇಲಕ್ಕೆತ್ತಿಕೊಳ್ಳೋದು ಅಂದ್ರೆ ಆಗದ ಹೋಗದ ಕೆಲಸ. ತನ್ನ ಹೆಗಲ ಮೇಲೆ ತಾನೇ ಹತ್ತಿ ನಿಂತ ಹಾಗೆ. ಕಂಪ್ಯೂಟರಿನ ಪಾಡೂ ಅದೇ ತಾನೇ? ಪ್ರೋಗ್ರಾಂ ಓದೋಕೆ ಒಂದು ಪ್ರೋಗ್ರಾಂ ಬೇಕು. ಆದರೆ ಕರೆಂಟ್ ಬಂದ ಕ್ಷಣದಲ್ಲಿ ಮೆಮೊರಿಯಲ್ಲಿ ಏನೂ ಇರಲ್ಲ. ಹಾಗಾದ್ರೆ ಮೊದಲನೇ ಪ್ರೋಗ್ರಾಮನ್ನ ಯಾರು ಓದಬೇಕು? 1975ರಲ್ಲಿ ಬಂದ ಆಲ್ಟೇರ್ 8800 ಅನ್ನೋ ಮಷೀನಿನಲ್ಲಿ ಈ ಕೆಲಸವನ್ನ ಮನುಷ್ಯರೇ ಮಾಡಬೇಕಿತ್ತು. ಮುಂದಿನ ಫಲಕದ ಸಣ್ಣ ಸ್ವಿಚ್‌ಗಳನ್ನ ಮೇಲೆ ಕೆಳಗೆ ಮಾಡ್ತಾ, ಮೊದಲ ಆದೇಶಗಳನ್ನ ಒಂದೊಂದಾಗಿ ಕೈಯಿಂದ ತುಂಬಬೇಕು. ಒಂದು ಸ್ವಿಚ್ ತಪ್ಪಿದ್ರೆ ಮತ್ತೆ ಮೊದಲಿಂದ. ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಅಂಥ ಕಾಲದಲ್ಲಿ ಯಾರಿಗಾದ್ರೂ 'ಒಂದ್ಸಲ ಬಂದ್ ಮಾಡಿ ಚಾಲೂ ಮಾಡ್ರಿ' ಅಂದಿದ್ದರೆ ಹೊಡೆದಾಟವೇ ಆಗ್ತಿತ್ತೇನೋ.

ರೀಸ್ಟಾರ್ಟ್ ಸುಲಭ ಆಗಿದ್ದು ಅಮೆರಿಕದ ಫ್ಲೋರಿಡಾದಲ್ಲಿ, ಬೋಕಾ ರೇಟನ್ ಅನ್ನೋ ಊರಲ್ಲಿ. ಐಬಿಎಂ ಕಂಪನಿಯ ಒಂದು ಚಿಕ್ಕ ತಂಡ ಅಲ್ಲಿ ಮೊದಲ ಐಬಿಎಂ ಪಿಸಿಯನ್ನ ತಯಾರು ಮಾಡ್ತಿತ್ತು. ಅದು ಮಾರುಕಟ್ಟೆಗೆ ಬಂದದ್ದು 1981ರ ಆಗಸ್ಟ್ 12ರಂದು. ಆ ತಂಡದ ಮೊದಲ ಹನ್ನೆರಡು ಎಂಜಿನಿಯರ್‌ಗಳಲ್ಲಿ ಒಬ್ಬರು ಡೇವಿಡ್ ಬ್ರ್ಯಾಡ್ಲಿ. ಅವರ ತೊಂದರೆ ಏನಂದ್ರೆ, ಬರೆಯುತ್ತಿದ್ದ ತಂತ್ರಾಂಶ ಪದೇ ಪದೇ ಹ್ಯಾಂಗ್ ಆಗ್ತಿತ್ತು. ಪ್ರತಿ ಸಲ ಸ್ವಿಚ್ ಆರಿಸಿ ಹಾಕಿದ್ರೆ ಮಷೀನು ತನ್ನ ಮೆಮೊರಿಯನ್ನೆಲ್ಲ ಮೊದಲಿಂದ ಪರೀಕ್ಷೆ ಮಾಡ್ತಾ ಕೂರುತ್ತೆ. ಅಷ್ಟು ಹೊತ್ತು ಸುಮ್ನೆ ಕಾಯಬೇಕು. ಆ ಪರೀಕ್ಷೆಯನ್ನ ಹಾರಿಸಿ ನೇರ ಶುರುವಾಗೋ ಹಾಗೆ ಬ್ರ್ಯಾಡ್ಲಿ ಒಂದು ಕೀಲಿ ಜೋಡಣೆ ಬರೆದರು. ಮೊದಲು ಇದ್ದದ್ದು ಕಂಟ್ರೋಲ್-ಆಲ್ಟ್-ಎಸ್ಕೇಪ್. ಮೂರೂ ಎಡಗಡೆಯ ಕೀಲಿಗಳು. ಒಂದೇ ಕೈ ತಾಗಿ ಅಕಸ್ಮಾತ್ ಮಷೀನು ರೀಸ್ಟಾರ್ಟ್ ಆಗಿಬಿಟ್ಟರೆ? ಹಾಗಾಗಿ ಎಸ್ಕೇಪ್ ಬಿಟ್ಟು, ಬಲಗಡೆ ದೂರದಲ್ಲಿದ್ದ ಡಿಲೀಟ್ ಆರಿಸಿಕೊಂಡರು. ಆ ಕೀಬೋರ್ಡಿನಲ್ಲಿ ಎರಡೂ ಕೈ ಬೇಕೇ ಬೇಕು. ಅಂದ್ರೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತೋಕೆ ಕಷ್ಟ ಇರೋದು ಬೇಕಂತಲೇ ಮಾಡಿದ್ದು.

ಇದು ನಮ್ಮ ನಿಮ್ಮಂಥವರಿಗೆ ಅಂತ ಮಾಡಿದ್ದಲ್ಲ. ತಯಾರು ಮಾಡೋರ ಒಳಗಿನ ಉಪಯೋಗಕ್ಕೆ ಇದ್ದ ಅಡ್ಡದಾರಿ. ಆದರೆ ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಇದನ್ನ ಅಚ್ಚು ಹಾಕಿತು, ಅಲ್ಲಿಂದ ಅದು ಲೋಕಕ್ಕೆಲ್ಲ ಹಬ್ಬಿತು. 2001ರಲ್ಲಿ ಪಿಸಿಗೆ ಇಪ್ಪತ್ತು ವರ್ಷ ತುಂಬಿದಾಗ ನಡೆದ ಒಂದು ಕಾರ್ಯಕ್ರಮದಲ್ಲಿ ಬ್ರ್ಯಾಡ್ಲಿ, ಪಕ್ಕದಲ್ಲಿ ಬಿಲ್ ಗೇಟ್ಸ್ ಕೂತಿದ್ದಾಗಲೇ, ಇದನ್ನ ಕಂಡುಹಿಡಿದದ್ದು ನಾನಿರಬಹುದು, ಇದಕ್ಕೆ ಹೆಸರು ತಂದುಕೊಟ್ಟದ್ದು ಬಿಲ್ ಅಂತ ಹೇಳಿದರು. ಸಭೆ ನಕ್ಕಿತು. ಗೇಟ್ಸ್ ಮುಖ ನೋಡಬೇಕು ಅಂದ್ರೆ ಆ ವಿಡಿಯೋ ಈಗಲೂ ಸಿಗುತ್ತೆ.

ವಿಂಡೋಸ್ ಎನ್‌ಟಿಯಲ್ಲಿ, ಅಂದ್ರೆ 1993ರಲ್ಲಿ, ಇದೇ ಮೂರು ಕೀಲಿಗೆ ಇನ್ನೊಂದು ಕೆಲಸ ಸಿಕ್ತು. ಬ್ಯಾಂಕಿನ ಕೌಂಟರಿನಲ್ಲಿ, ಕೆಲವು ಆಫೀಸುಗಳಲ್ಲಿ ಬೆಳಿಗ್ಗೆ ಲಾಗಿನ್ ಆಗೋಕೆ ಮೊದಲು ಇದನ್ನ ಒತ್ತೋದನ್ನ ನೋಡಿರ್ತೀರಿ. ಅದು ಯಾಕೆ ಗೊತ್ತಾ? ಯಾರೋ ಒಬ್ಬ ಲಾಗಿನ್ ಪರದೆಯ ಹಾಗೇ ಕಾಣೋ ನಕಲಿ ಪ್ರೋಗ್ರಾಂ ಬರೆದು ಓಡಿಸಿಟ್ಟು ಹೋದ ಅಂದುಕೊಳ್ಳಿ. ನೀವು ಪಾಸ್‌ವರ್ಡ್ ಹಾಕ್ತೀರಿ, ಅವನಿಗೆ ಹೋಗುತ್ತೆ. ಆದರೆ ಈ ಮೂರು ಕೀಲಿಯ ಕರೆಯನ್ನ ವಿಂಡೋಸ್ ತಾನೇ ಕೈಯಾರೆ ತಗೊಳ್ಳುತ್ತೆ, ಬೇರೆ ಯಾವ ಪ್ರೋಗ್ರಾಮಿಗೂ ಕೊಡಲ್ಲ. ಹಾಗಾಗಿ ಒತ್ತಿದ ಮೇಲೆ ಬರೋದು ಅಸಲಿ ಪರದೆಯೇ. 2013ರಲ್ಲಿ ಹಾರ್ವರ್ಡ್‌ನಲ್ಲಿ ಮಾತಾಡ್ತಾ ಗೇಟ್ಸ್, ಲಾಗಿನ್‌ಗೆ ಒಂದೇ ಕೀಲಿ ಇರಬೇಕಿತ್ತು, ಮೂರು ಒತ್ತಿಸಿದ್ದು ತಪ್ಪಾಯ್ತು ಅಂತ ಒಪ್ಪಿಕೊಂಡರು.

ಸರಿ, ಗುಂಡಿ ಸಿಕ್ತು. ಆದರೆ ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗೋದು ಯಾಕೆ? ಒಳಗೆ ಯಾವ ತಪ್ಪನ್ನೂ ಯಾರೂ ತಿದ್ದಿಲ್ಲವಲ್ಲ!

ಇದಕ್ಕೆ ನನಗೆ ಸಿಕ್ಕ ಒಳ್ಳೇ ಉತ್ತರ 1985ರದ್ದು. ಟ್ಯಾಂಡೆಮ್ ಅಂತ ಒಂದು ಕಂಪನಿ ಇತ್ತು. ಬ್ಯಾಂಕು, ಷೇರುಪೇಟೆಗಳಿಗೆ ನಿಲ್ಲದೇ ಓಡೋ ಕಂಪ್ಯೂಟರ್ ಮಾಡಿಕೊಡೋದೇ ಅವರ ಕಸುಬು. ಅಲ್ಲಿದ್ದ ಜಿಮ್ ಗ್ರೇ ಅನ್ನೋ ವಿಜ್ಞಾನಿ, ಕಂಪ್ಯೂಟರ್‌ಗಳು ಯಾಕೆ ನಿಂತುಹೋಗ್ತವೆ ಅಂತಲೇ ಒಂದು ಪ್ರಬಂಧ ಬರೆದರು. ಬಗ್‌ಗಳಲ್ಲಿ ಎರಡು ಜಾತಿ ಅಂತಾರೆ ಅವರು. (ರಿಲೇಗೆ ಸಿಕ್ಕಿಕೊಂಡ ಪತಂಗದ ಕತೆ ನೀವೆಲ್ಲ ಕೇಳಿದ್ದೀರಿ, ಅದು ಬೇಡ.) ಒಂದು ಜಾತಿ ಗಟ್ಟಿ ಬಗ್. ಅದೇ ಕೆಲಸ ಮಾಡಿದ್ರೆ ಪ್ರತಿ ಸಲ ಅದೇ ಜಾಗದಲ್ಲಿ ಕೈ ಕೊಡುತ್ತೆ. ಪರಮಾಣುವಿನ ಹಳೇ ಮಾದರಿಯ ನೀಲ್ಸ್ ಬೋರ್ ಹೆಸರಲ್ಲಿ ಅದನ್ನ ಬೋರ್‌ಬಗ್ ಅಂದರು. ಇನ್ನೊಂದು ಜಾತಿ, ಹುಡುಕೋಕೆ ಹೋದ್ರೆ ಮಾಯ ಆಗೋದು. ಮೆಕ್ಯಾನಿಕ್ ಮುಂದೆ ಮಾತ್ರ ಸದ್ದು ಮಾಡದೇ ಇರೋ ಬೈಕಿನ ಹಾಗೆ. ಅದಕ್ಕೆ ಹೈಸೆನ್‌ಬರ್ಗ್ ಹೆಸರಲ್ಲಿ ಹೈಸೆನ್‌ಬಗ್ ಅಂದರು. ಎರಡು ಕೆಲಸ ಒಂದೇ ಕ್ಷಣಕ್ಕೆ ಡಿಕ್ಕಿ ಹೊಡೆದದ್ದು, ಮೆಮೊರಿ ತುಂಬಿದ್ದು, ಯಾವುದೋ ಎಣಿಕೆ ಮಿತಿ ಮೀರಿದ್ದು, ಹೀಗೆ ಅಪರೂಪದ ಸನ್ನಿವೇಶ ಕೂಡಿ ಬಂದಾಗ ಮಾತ್ರ ಅದು ತಲೆ ಎತ್ತುತ್ತೆ. ಆ ಸನ್ನಿವೇಶವನ್ನ ಅಳಿಸಿ ಮೊದಲಿಂದ ಶುರು ಮಾಡಿದ್ರೆ ಮತ್ತೆ ಹಾಗೇ ಕೂಡಿ ಬರೋ ಸಾಧ್ಯತೆ ಕಡಿಮೆ.

ಗ್ರೇ ಇದಕ್ಕೆ ಸಾಕ್ಷಿ ತಗೊಂಡಿದ್ದು ಎಲ್ಲಿಂದ ಅಂದ್ರೆ, ಪ್ರಿಂಟ್ ಸ್ಪೂಲರ್‌ನ ದೋಷದಾಖಲೆಯಿಂದ! ಸ್ಪೂಲರ್ ಅಂದ್ರೆ ಪ್ರಿಂಟಿನ ಕ್ಯೂ ನೋಡಿಕೊಳ್ಳೋ ತಂತ್ರಾಂಶ. ಅಂದ್ರೆ ಹುಬ್ಬಳ್ಳಿಯಲ್ಲಿ ನನ್ನ ಪ್ರಾಣ ತಿಂದ ವಸ್ತುವೇ. ಅವರು ನೋಡಿದ 132 ತಂತ್ರಾಂಶ ದೋಷಗಳಲ್ಲಿ ಗಟ್ಟಿ ಬಗ್ ಇದ್ದದ್ದು ಒಂದೇ ಒಂದು. ಉಳಿದ 131, ಮತ್ತೆ ಶುರು ಮಾಡಿದ್ರೆ ದಾಟಿ ಹೋಗುವಂಥವು.

ಹತ್ತು ವರ್ಷದ ಮೇಲೆ, 1995ರಲ್ಲಿ, ಬೆಲ್ ಲ್ಯಾಬ್ಸ್‌ನ ಯೆನ್ನುನ್ ಹುವಾಂಗ್, ಚಂದ್ರ ಕಿಂತಾಲ ಮತ್ತು ಅವರ ಜೊತೆಗಾರರು ಇದಕ್ಕೆ ಶಾಸ್ತ್ರೀಯ ಹೆಸರನ್ನೇ ಕೊಟ್ಟರು: ತಂತ್ರಾಂಶಕ್ಕೆ ಮರುಯೌವನ. ಓಡ್ತಾ ಓಡ್ತಾ ತಂತ್ರಾಂಶಕ್ಕೂ ವಯಸ್ಸಾಗುತ್ತೆ. ಬಳಸಿದ ಮೆಮೊರಿಯನ್ನ ವಾಪಸ್ ಕೊಡದೇ ಇಟ್ಟುಕೊಳ್ಳುತ್ತೆ, ಲೆಕ್ಕದಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸೇರ್ತಾ ಹೋಗುತ್ತೆ. ಅದು ಕುಸಿದು ಬೀಳೋ ತನಕ ಕಾಯಬೇಡಿ, ನಿಮಗೆ ಅನುಕೂಲ ಆದ ಹೊತ್ತಿನಲ್ಲಿ ನೀವೇ ನಿಲ್ಲಿಸಿ ಮತ್ತೆ ಶುರು ಮಾಡಿ ಅನ್ನೋದು ಅವರ ಮಾತು. ಆಫೀಸಿನ ಭಾಷೆಯಲ್ಲಿ ಹೇಳಬೇಕಂದ್ರೆ ರಿಟರ್ನ್ಸ್ ಗಡುವಿನ ದಿನ ಅಲ್ಲ, ಅದರ ಹಿಂದಿನ ಶನಿವಾರ ಸಂಜೆ.

ಈಗ ಆ ರಾತ್ರಿಯ ಕತೆ.

1991ರ ಫೆಬ್ರವರಿ 25. ಕೊಲ್ಲಿ ಯುದ್ಧ ಕೊನೇ ಹಂತಕ್ಕೆ ಬಂದಿತ್ತು. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಒಂದು ಬ್ಯಾರಕ್ ಇತ್ತು. ಇರಾಕ್ ಬಿಡೋ ಸ್ಕಡ್ ಕ್ಷಿಪಣಿಗಳನ್ನ ಆಕಾಶದಲ್ಲೇ ಹೊಡೆಯೋಕೆ ಹತ್ತಿರದಲ್ಲೇ ಪೇಟ್ರಿಯಟ್ ವ್ಯವಸ್ಥೆಯನ್ನ ನಿಲ್ಲಿಸಿದ್ದರು. ಆ ರಾತ್ರಿ ಒಂದು ಸ್ಕಡ್ ಬಂತು. ಪೇಟ್ರಿಯಟ್ ಅದನ್ನ ಹೊಡೆಯಲಿಲ್ಲ. ಹೊಡೆದು ಗುರಿ ತಪ್ಪಿದ್ದಲ್ಲ, ಹೊಡೆಯೋಕೆ ಹೋಗಲೇ ಇಲ್ಲ. ಕ್ಷಿಪಣಿ ಬ್ಯಾರಕ್ ಮೇಲೆ ಬಿತ್ತು. 28 ಜನ ಸತ್ತರು.

ಏನಾಗಿತ್ತು? ಆ ಕಂಪ್ಯೂಟರ್ ತಾನು ಚಾಲೂ ಆದ ಗಳಿಗೆಯಿಂದ ಸಮಯವನ್ನ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸ್ತಿತ್ತು. ನಾವು ಮೂರನೇ ಒಂದು ಭಾಗವನ್ನ ದಶಮಾಂಶದಲ್ಲಿ ಬರೆಯೋಕೆ ಹೋದ್ರೆ 0.3333 ಅಂತ ಮುಗಿಯೋದೇ ಇಲ್ಲ, ಅಲ್ವಾ? ಎಲ್ಲೋ ಒಂದು ಕಡೆ ಕತ್ತರಿಸಬೇಕು. ಸೊನ್ನೆ-ಒಂದರ ಲೆಕ್ಕದಲ್ಲಿ ಕಂಪ್ಯೂಟರಿಗೆ ಹತ್ತನೇ ಒಂದು ಭಾಗ ಅಂಥದ್ದೇ ಮುಗಿಯದ ಸಂಖ್ಯೆ. ಪೇಟ್ರಿಯಟ್ ಅದನ್ನ 24 ಬಿಟ್‌ಗೆ ಕತ್ತರಿಸ್ತಿತ್ತು. ಪ್ರತಿ ಎಣಿಕೆಗೂ ಆಗ್ತಿದ್ದ ತಪ್ಪು ಒಂದು ಸೆಕೆಂಡಿನ ಕೋಟಿ ಭಾಗದಲ್ಲಿ ಒಂದಕ್ಕಿಂತಲೂ ತುಸು ಕಡಿಮೆ. ಇಷ್ಟು ಸಣ್ಣದನ್ನ ಯಾರು ಲೆಕ್ಕಕ್ಕಿಡ್ತಾರೆ?

ಆದರೆ ದಹ್ರಾನ್‌ನ ಆ ಮಷೀನು ಬಂದ್ ಆಗದೇ ಸತತ 100 ಗಂಟೆಗೂ ಹೆಚ್ಚು ಓಡಿತ್ತು. 100 ಗಂಟೆ ಅಂದ್ರೆ 36 ಲಕ್ಷ ಎಣಿಕೆ. ತಪ್ಪೆಲ್ಲ ಸೇರಿ ಸೆಕೆಂಡಿನ ಮೂರನೇ ಒಂದು ಭಾಗ ಆಗಿತ್ತು, ಸರಿಯಾಗಿ ಹೇಳಬೇಕಂದ್ರೆ 0.34 ಸೆಕೆಂಡ್. ಸ್ಕಡ್ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುತ್ತೆ. ರೇಡಾರ್ ಮೊದಲು ಅದನ್ನ ನೋಡಿತ್ತು, ಮುಂದಿನ ಕ್ಷಣ ಎಲ್ಲಿರುತ್ತೆ ಅಂತ ಲೆಕ್ಕ ಹಾಕಿ ಆ ಜಾಗದಲ್ಲಿ ಮತ್ತೆ ನೋಡಿತು. ಅಲ್ಲಿ ಏನೂ ಇರಲಿಲ್ಲ. ಸುಳ್ಳು ಸುಳಿವು ಅಂತ ಕೈಬಿಟ್ಟಿತು.

ಇದರಲ್ಲಿ ನನಗೆ ಹೊಟ್ಟೆ ಉರಿಯೋ ಭಾಗ ಈಗ ಬರುತ್ತೆ. ತಪ್ಪು ಮೊದಲೇ ಗೊತ್ತಾಗಿತ್ತು. ಫೆಬ್ರವರಿ 11ಕ್ಕೇ ಇಸ್ರೇಲಿನವರು, ಎಂಟು ಗಂಟೆ ಸತತ ಓಡಿದ್ರೆ ಗುರಿ ಜಾಗ ಬಿಟ್ಟು ಸರಿಯುತ್ತೆ ಅಂತ ಅಂಕಿಸಂಖ್ಯೆ ಸಮೇತ ತಿಳಿಸಿದ್ದರು. 16ರಂದು ಸರಿ ಮಾಡಿದ ತಂತ್ರಾಂಶವೂ ಬಿಡುಗಡೆ ಆಗಿತ್ತು. 21ರಂದು ಪೇಟ್ರಿಯಟ್ ಬಳಸೋರಿಗೆಲ್ಲ ಒಂದು ಸಂದೇಶ ಹೋಯ್ತು: 'ತುಂಬಾ ಹೊತ್ತು' ಸತತವಾಗಿ ಓಡಿಸಿದ್ರೆ ತೊಂದರೆ ಆಗಬಹುದು ಅಂತ. ತುಂಬಾ ಹೊತ್ತು ಅಂದ್ರೆ ಎಷ್ಟು ಹೊತ್ತು? ಅದನ್ನ ಬರೆಯಲೇ ಇಲ್ಲ. ಎಂಟು ಗಂಟೆಯಾ, ಎರಡು ದಿನವಾ? ದಹ್ರಾನ್‌ನಲ್ಲಿದ್ದವರಿಗೆ ಗೊತ್ತಾಗೋದಾದ್ರೂ ಹೇಗೆ? ಈ ವ್ಯವಸ್ಥೆ ಮೂಲತಃ ಜಾಗದಿಂದ ಜಾಗಕ್ಕೆ ಒಯ್ಯುತ್ತಾ ಒಂದಷ್ಟು ಗಂಟೆ ಮಾತ್ರ ಓಡಿಸೋದಕ್ಕೆ ಅಂತ ಮಾಡಿದ್ದು. ಒಂದೇ ಕಡೆ ನಾಲ್ಕು ದಿನ ನಿಲ್ಲಿಸಿ ಓಡಿಸ್ತಾರೆ ಅಂತ ಮಾಡಿದವರು ಎಣಿಸಿರಲಿಲ್ಲ.

ಬಂದ್ ಮಾಡಿ ಚಾಲೂ ಮಾಡಿದ್ದರೆ ಗಡಿಯಾರ ಸೊನ್ನೆಗೆ ಬರ್ತಿತ್ತು. ಅದಕ್ಕೆ ಬೇಕಿದ್ದ ಸಮಯ 60ರಿಂದ 90 ಸೆಕೆಂಡ್. ಸರಿ ಮಾಡಿದ ತಂತ್ರಾಂಶ ದಹ್ರಾನ್ ತಲುಪಿದ್ದು ಫೆಬ್ರವರಿ 26ಕ್ಕೆ. ಮರುದಿನ. 1992ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಕೊಟ್ಟ ವರದಿಯಲ್ಲಿ ಈ ತಾರೀಖುಗಳೆಲ್ಲ ಸಾಲಾಗಿ ಇವೆ. ಓದೋಕೆ ಹೆಚ್ಚು ಹೊತ್ತು ಬೇಡ, ಚಿಕ್ಕ ವರದಿ.

ಎಣಿಕೆ ಮಿತಿ ಮೀರೋ ಇನ್ನೊಂದು ಬಗೆಯ ತೊಂದರೆ ನಮ್ಮ ಮೇಜಿನ ಮೇಲೇ ಇತ್ತು. ವಿಂಡೋಸ್ 95 ಮತ್ತು 98, ಚಾಲೂ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ 32 ಬಿಟ್ ಸಂಖ್ಯೆಯಲ್ಲಿ ಎಣಿಸ್ತಿದ್ದವು. ಹಳೇ ಸ್ಕೂಟರಿನ ಮೀಟರ್ 99999 ಆದ ಮೇಲೆ ಸೊನ್ನೆಗೆ ತಿರುಗುತ್ತಲ್ಲ, ಹಾಗೆ ಈ ಸಂಖ್ಯೆ ಸುಮಾರು 429 ಕೋಟಿ ದಾಟಿದ್ರೆ ಸೊನ್ನೆಗೆ ತಿರುಗುತ್ತೆ. ದಿನದ ಲೆಕ್ಕದಲ್ಲಿ 49.7 ದಿನ. ಅಷ್ಟು ದಿನ ಸತತ ಓಡಿದ್ರೆ ಮಷೀನು ಹ್ಯಾಂಗ್ ಆಗಬಹುದು ಅಂತ ಮೈಕ್ರೋಸಾಫ್ಟ್ 1999ರಲ್ಲಿ ಒಪ್ಪಿಕೊಳ್ತು. ಅಷ್ಟು ತಡವಾಗಿ ಗೊತ್ತಾಗಿದ್ದು ಯಾಕೆ ಅಂದ್ರೆ, ವಿಂಡೋಸ್ 95 ಐವತ್ತು ದಿನ ನಿಲ್ಲದೇ ಓಡಿದ್ದನ್ನ ನೋಡಿದವರೇ ಕಡಿಮೆ! ನಗಬೇಡಿ. ಇದೇ 49.7 ದಿನದ ಮಿತಿ 2004ರ ಸೆಪ್ಟೆಂಬರ್ 14ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನ ವಿಮಾನ ನಿಯಂತ್ರಣ ಕೇಂದ್ರದಲ್ಲಿ ರೇಡಿಯೋ ವ್ಯವಸ್ಥೆಯನ್ನ ನಿಲ್ಲಿಸಿಬಿಡ್ತು. ಆಕಾಶದಲ್ಲಿದ್ದ ನೂರಾರು ವಿಮಾನಗಳ ಜೊತೆ ಮಾತು ಕಡಿದುಹೋಯ್ತು. 30 ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಬೇಕು ಅನ್ನೋ ನಿಯಮ ಅಲ್ಲಿತ್ತು, ಆ ಸಲ ಮಾಡಿರಲಿಲ್ಲ. ಪುಣ್ಯಕ್ಕೆ ಯಾವುದೂ ಡಿಕ್ಕಿ ಆಗಲಿಲ್ಲ. 2015ರಲ್ಲಿ ಬೋಯಿಂಗ್ 787ಗೂ ಇಂಥದ್ದೇ ಒಂದು ಆದೇಶ ಬಂತು. 248 ದಿನ ಸತತವಾಗಿ ಕರೆಂಟ್ ಚಾಲೂ ಇದ್ದರೆ ಜನರೇಟರ್‌ಗಳ ನಿಯಂತ್ರಕಗಳೆಲ್ಲ ಒಟ್ಟಿಗೆ ನಿಲ್ಲಬಹುದು, ಹಾಗಾಗಿ 120 ದಿನ ಆಗೋದ್ರೊಳಗೆ ಒಮ್ಮೆ ಪೂರ್ತಿ ಬಂದ್ ಮಾಡಿ ಅಂತ. ವಿಮಾನಕ್ಕೂ ಹುಬ್ಬಳ್ಳಿಯ ಸಲಹೆಯೇ.

ಈಗ ನನ್ನ ನಲವತ್ತೊಂದು ದಿನ. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ 'ಫಾಸ್ಟ್ ಸ್ಟಾರ್ಟಪ್' ಅನ್ನೋದನ್ನ ತಂತು. ಬೆಳಿಗ್ಗೆ ಬೇಗ ಶುರುವಾಗಲಿ ಅಂತ. ಆಗಿನಿಂದ ಶಟ್‌ಡೌನ್ ಅಂದ್ರೆ ಪೂರ್ತಿ ಶಟ್‌ಡೌನ್ ಅಲ್ಲ. ಒಂದು ಖಾನಾವಳಿ ಅಂದುಕೊಳ್ಳಿ. ರಾತ್ರಿ ಗಿರಾಕಿಗಳನ್ನೆಲ್ಲ ಕಳಿಸಿ, ಮೇಜು ಒರೆಸಿ, ಬಾಗಿಲು ಹಾಕಿದ್ರು. ಆದರೆ ಅಡುಗೆಮನೆಯ ಪಾತ್ರೆ ತೊಳೀಲಿಲ್ಲ, ಇದ್ದಂಗೇ ಮುಚ್ಚಿಟ್ಟರು. ಬೆಳಿಗ್ಗೆ ಅದೇ ಪಾತ್ರೆಯಲ್ಲಿ ಅಡುಗೆ ಶುರು. ವಿಂಡೋಸ್ ಮಾಡೋದೂ ಅದನ್ನೇ. ನಿಮ್ಮ ಎಕ್ಸೆಲ್, ಬ್ರೌಸರ್ ಎಲ್ಲ ಮುಚ್ಚುತ್ತೆ. ಆದರೆ ಒಳಗಿನ ಕರ್ನಲ್, ಡ್ರೈವರ್‌ಗಳ ಸ್ಥಿತಿಯನ್ನ ಡಿಸ್ಕಿನಲ್ಲಿ ಒಂದು ಫೈಲಾಗಿ ಉಳಿಸಿಟ್ಟು, ಮರುದಿನ ಹಾಗೇ ಎತ್ತಿ ಹಾಕುತ್ತೆ. ಪ್ರಿಂಟರ್ ಡ್ರೈವರ್ ಸಿಕ್ಕಿಹಾಕಿಕೊಂಡಿದ್ದರೆ ಸಿಕ್ಕಿಹಾಕಿಕೊಂಡಂಗೇ ಎದ್ದು ಬರುತ್ತೆ. ಅಪ್ ಟೈಮ್ ಕೂಡ ಮುಂದುವರಿಯುತ್ತೆ.

ವಿಚಿತ್ರ ಅಂದ್ರೆ ರೀಸ್ಟಾರ್ಟ್ ಒತ್ತಿದ್ರೆ ಹೀಗಾಗಲ್ಲ. ರೀಸ್ಟಾರ್ಟ್‌ನಲ್ಲಿ ಪಾತ್ರೆ ಎಲ್ಲ ತೊಳೆದೇ ಶುರು. ಅಂದ್ರೆ ಕೇಳೋಕೆ ದೊಡ್ಡದು ಅನಿಸೋ ಶಟ್‌ಡೌನ್ ಸಣ್ಣ ಕೆಲಸ, ಸಣ್ಣದು ಅನಿಸೋ ರೀಸ್ಟಾರ್ಟ್ ದೊಡ್ಡ ಕೆಲಸ. ಈ ಹೆಸರಿಟ್ಟವರನ್ನ ಒಂದ್ಸಲ ಮಾತಾಡಿಸಬೇಕು. ಶಟ್‌ಡೌನ್ ಒತ್ತುವಾಗ ಶಿಫ್ಟ್ ಕೀಲಿ ಹಿಡಿದುಕೊಂಡ್ರೆ ಪೂರ್ತಿ ಬಂದ್ ಆಗುತ್ತೆ. ಬೇಡವೇ ಬೇಡ ಅನ್ನೋರು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಅಂತ ಕೇಳೋ ಪುಟದಲ್ಲಿ, ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದುಬಿಡಬಹುದು. ಇನ್ನು ಬರೀ ಮುಚ್ಚಳ ಮಡಚಿ ಬ್ಯಾಗಿಗೆ ಹಾಕೋರು, ಸಾಮಾನ್ಯವಾಗಿ ಅದು ನಿದ್ದೆ ಅಷ್ಟೇ, ಬಂದ್ ಅಲ್ಲ.

ಪ್ರತಿ ಸಲ ಇಡೀ ಮಷೀನನ್ನೇ ರೀಸ್ಟಾರ್ಟ್ ಮಾಡಬೇಕು ಅಂತಲೂ ಇಲ್ಲ. ಕೆಟ್ಟಿರೋ ಭಾಗವನ್ನಷ್ಟೇ ಮಾಡಬಹುದು. ಟಾಸ್ಕ್‌ಬಾರ್ ಮಾಯ ಆಯ್ತಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿ ರೀಸ್ಟಾರ್ಟ್ ಕೊಡಿ. ಪರದೆ ಕಪ್ಪಾಗಿ ನಿಂತಿದೆಯಾ? ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿದ್ರೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತೆ. ಪ್ರಿಂಟ್ ಕ್ಯೂ ಕದಲ್ತಿಲ್ವಾ? 'ಸರ್ವೀಸಸ್' ಅಂತ ಹುಡುಕಿ ತೆರೆದು ಅಲ್ಲಿ ಪ್ರಿಂಟ್ ಸ್ಪೂಲರ್ ಅನ್ನ ರೀಸ್ಟಾರ್ಟ್ ಮಾಡಿ. ಜಿಮ್ ಗ್ರೇ ಹೇಳಿದ 132ರಲ್ಲಿ 131. ರೀಸ್ಟಾರ್ಟ್‌ಗೂ ಮೊದಲು ಪರದೆಯ ಮೇಲಿರೋ ದೋಷದ ಸಂದೇಶವನ್ನ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ರೀಸ್ಟಾರ್ಟ್ ಆದ್ರೆ ಸಾಕ್ಷಿಯೂ ಅಳಿಸಿಹೋಗುತ್ತೆ. ಅದೇ ತೊಂದರೆ ಅದೇ ಜಾಗದಲ್ಲಿ ಮತ್ತೆ ಬಂದ್ರೆ, ಅದು ಆ 132ನೆಯದು. ಇನ್ನು ಎಷ್ಟು ಸಲ ಬಂದ್ ಮಾಡಿ ಚಾಲೂ ಮಾಡಿದ್ರೂ ಹೋಗಲ್ಲ, ಮೂಲ ಹುಡುಕಲೇಬೇಕು.

ಆ 132ನೇ ಜಾತಿಯದ್ದನ್ನ ನಾವೆಲ್ಲ ಒಂದೇ ದಿನ ನೋಡಿದ್ವಿ. 2024ರ ಜುಲೈ 19, ಶುಕ್ರವಾರ. ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ಅದರಲ್ಲಿದ್ದ ತಪ್ಪಿನಿಂದ ವಿಂಡೋಸ್ ನೀಲಿ ಪರದೆಗೆ ಬಿದ್ದು, ತಾನೇ ರೀಸ್ಟಾರ್ಟ್ ಆಗಿ, ಅದೇ ಫೈಲನ್ನ ಮತ್ತೆ ಓದಿ ಮತ್ತೆ ಬೀಳ್ತಿತ್ತು. 1 ಗಂಟೆ 18 ನಿಮಿಷದಲ್ಲಿ ಕಂಪನಿ ಅದನ್ನ ವಾಪಸ್ ತಗೊಂಡ್ರೂ ಅಷ್ಟರಲ್ಲಿ 85 ಲಕ್ಷ ಮಷೀನುಗಳು ಸಿಕ್ಕಿಹಾಕಿಕೊಂಡಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೈಬರಹಕ್ಕೆ ಇಳೀತು. ಪೆನ್ನಲ್ಲಿ ಬರೆದ ಬೋರ್ಡಿಂಗ್ ಪಾಸಿನ ಫೋಟೋಗಳು ಅವತ್ತು ಎಲ್ಲರ ಫೋನಿಗೂ ಬಂದಿದ್ದವು.

ಅವತ್ತಿನ ಒಂದು ಸಲಹೆ ನೋಡಿ ಎಲ್ಲರೂ ನಕ್ಕಿದ್ರು. ತನ್ನ ಕ್ಲೌಡ್‌ನಲ್ಲಿದ್ದ ಮಷೀನುಗಳ ಬಗ್ಗೆ ಮೈಕ್ರೋಸಾಫ್ಟ್, 15 ಸಲದ ತನಕ ರೀಸ್ಟಾರ್ಟ್ ಮಾಡಬೇಕಾಗಬಹುದು ಅಂತ ಹೇಳಿತು. ಅದರಲ್ಲೂ ಅರ್ಥ ಇತ್ತು. ಬಿದ್ದುಹೋಗೋ ಮೊದಲು ಸಿಗೋ ಕೆಲವೇ ಕ್ಷಣಗಳಲ್ಲಿ ಇಂಟರ್ನೆಟ್ ಸಿಕ್ಕಿಬಿಟ್ಟರೆ ಸರಿಯಾದ ಫೈಲ್ ಇಳಿದುಬಿಡುತ್ತೆ. ಪ್ರತಿ ರೀಸ್ಟಾರ್ಟೂ ಆ ಓಟದ ಇನ್ನೊಂದು ಪ್ರಯತ್ನ. ಉಳಿದವರು ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನ ಕೈಯಾರೆ ಅಳಿಸಬೇಕಿತ್ತು, ಒಂದೊಂದೇ ಮಷೀನಿನ ಮುಂದೆ ಕೂತು. ಅಲ್ಲೇ ಇನ್ನೊಂದು ಗೋಡೆ. ಆಫೀಸಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತಲ್ಲ, ಅದರ 48 ಅಂಕಿಯ ರಿಕವರಿ ಕೀ ಇಲ್ಲದೇ ಒಳಗೆ ಬಿಡಲ್ಲ. ಅದು ಎಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ನಿಮ್ಮದು ಎಲ್ಲಿದೆ ಗೊತ್ತಾ? ಸ್ವಂತ ಲ್ಯಾಪ್‌ಟಾಪ್ ಆದ್ರೆ ಬಹಳ ಸಲ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ. ಆಫೀಸಿನದಾದ್ರೆ ಐಟಿಯವರ ಹತ್ತಿರ. ಇವತ್ತೇ ಕೇಳಿಟ್ಟುಕೊಳ್ಳಿ. ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಮಾತ್ರ ಇಡಬೇಡಿ.

ನೀವು ಇದನ್ನ ಕೇಳ್ತಿರೋದು ಫೋನಿನಲ್ಲಿ. ಅದರದ್ದೂ ಒಂದು ಮಾತು ಹೇಳಿ ಹೋಗ್ತೀನಿ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಮೊಬೈಲ್ ಬಳಕೆಗೆ ಒಂದು ಸಲಹಾ ಪತ್ರ ಬಿಡುಗಡೆ ಮಾಡಿತು. ಅದರಲ್ಲಿ, ವಾರಕ್ಕೊಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ ಅಂತ ಇದೆ. ಕೆಲವು ಬಗೆಯ ಗೂಢಚಾರಿ ತಂತ್ರಾಂಶಗಳು ಮೆಮೊರಿಯಲ್ಲಷ್ಟೇ ಅಡಗಿರುತ್ತವೆ, ಬಂದ್ ಆದ್ರೆ ಅಳಿಸಿಹೋಗುತ್ತವೆ. ಐಫೋನ್ ಅಂತೂ ಈಗ, ಲಾಕ್ ಆಗಿ ಮೂರು ದಿನ ಯಾರೂ ಮುಟ್ಟದಿದ್ದರೆ ತನಗೆ ತಾನೇ ರೀಸ್ಟಾರ್ಟ್ ಆಗುತ್ತೆ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಹುಡುಕಿ. ಬಹಳಷ್ಟು ಫೋನ್‌ಗಳಲ್ಲಿ ಅಲ್ಲೂ ಅಪ್ ಟೈಮ್ ಅಂತ ಒಂದು ಸಾಲು ಇರುತ್ತೆ, ಗಂಟೆಗಳ ಲೆಕ್ಕದಲ್ಲಿ.

ಈ ಸಂಚಿಕೆ ಬರೆಯುವಾಗ ನನ್ನದನ್ನ ತೆಗೆದು ನೋಡಿದೆ. 612 ಗಂಟೆ. ಹುಬ್ಬಳ್ಳಿಯ ಅಣ್ಣ ನೋಡಿದ್ದರೆ ಮತ್ತೆ ಮುನ್ನೂರು ರೂಪಾಯಿ ತಗೊಳ್ತಿದ್ದರು. ರೆಕಾರ್ಡಿಂಗ್ ನಿಲ್ಲಿಸಿದ ಕೂಡಲೇ ಬಂದ್ ಮಾಡಿ ಚಾಲೂ ಮಾಡ್ತೀನಿ.